ಆಸ್ಟ್ರಾನಮಿ ಪೇಪರ್ ತಗೊಂಡಿದೀನಿ, ರಾತ್ರಿ ಆಕಾಶ ನೋಡೋದು ಎಲ್ಲಿಂದ ಶುರು ಮಾಡ್ಲಿ? ಟೆಲಿಸ್ಕೋಪ್ ಇಲ್ಲ, ಹಾಸ್ಟೆಲ್ ಟೆರೇಸ್ ಒಂಬತ್ತಕ್ಕೆ ಲಾಕ್

ಗದಗಿನ_ಹುಡುಗಿ · 9 ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಲಿ ಬಿಎಸ್ಸಿ ಫಿಸಿಕ್ಸ್ ಓದ್ತಿದೀನಿ, ಊರು ಗದಗ ಹತ್ರ ಒಂದು ಹಳ್ಳಿ. ಈ ಸೆಮ್‌ನಲ್ಲಿ ಆಸ್ಟ್ರಾನಮಿ ಎಲೆಕ್ಟಿವ್ ತಗೊಂಡಿದೀನಿ. ಥಿಯರಿ ತುಂಬಾ ಇಷ್ಟ ಆಗ್ತಿದೆ, ನಕ್ಷತ್ರದ ಪ್ರಕಾಶದ ಅಳತೆ ಮ್ಯಾಗ್ನಿಟ್ಯೂಡ್ ಲೆಕ್ಕ ಮಾಡ್ತೀನಿ, ನಕ್ಷತ್ರಗಳ ತಾಪಮಾನ ಮತ್ತೆ ಪ್ರಕಾಶ ತೋರಿಸೋ ಎಚ್‌ಆರ್ ಡಯಾಗ್ರಾಮ್ ಬಿಡಿಸ್ತೀನಿ, ಆದ್ರೆ ಹೊರಗೆ ಬಂದು ತಲೆ ಎತ್ತಿದ್ರೆ ಯಾವುದು ಏನು ಅಂತ ಒಂದೂ ಗೊತ್ತಾಗಲ್ಲ. ಸರ್ ಬೇರೆ ಎಲ್ಲರೂ ಒಂದು ಅಬ್ಸರ್ವೇಷನ್ ಬುಕ್ ಇಡಿ, ಮಾರ್ಚ್ ತನಕ ನೋಡಿದ್ದು ನೋಡಿದ ಹಾಗೆ ಬರೀರಿ ಅಂದಿದಾರೆ.

ನನ್ನ ಡೌಟ್‌ಗಳು ಹೀಗಿವೆ. ಪುಸ್ತಕದಲ್ಲಿ ಸಪ್ತರ್ಷಿ ಹಿಡ್ಕೊಂಡು ಧ್ರುವ ನಕ್ಷತ್ರಕ್ಕೆ ಹೋಗಿ ಅಂತಿದೆ, ಸಪ್ತರ್ಷಿ ಯಾವತ್ತೂ ಮುಳುಗಲ್ಲ ಅಂತಾನೂ ಇದೆ, ನಾನು ಸಂಜೆ ಎಂಟಕ್ಕೆ ಉತ್ತರಕ್ಕೆ ನೋಡಿದ್ರೆ ಅಲ್ಲಿ ಸಪ್ತರ್ಷಿನೇ ಇಲ್ಲ. ಆಪ್ ಹಾಕಿದ್ರೆ ದಿಕ್ಕು ಒಂದೊಂದ್ಸಲ ಒಂದೊಂದು ಕಡೆ ತಿರುಗುತ್ತೆ. ಮೊನ್ನೆ ಊರಿಗೆ ಹೋದಾಗ ರಾತ್ರಿ ಹತ್ತರ ಮೇಲೆ ಪೂರ್ವದಲ್ಲಿ ಪುನರ್ವಸು ಜೋಡಿ ಸಿಕ್ತು ಅಂದ್ಕೊಂಡೆ, ಆದ್ರೆ ಪಕ್ಕದಲ್ಲಿ ಅವೆರಡಕ್ಕಿಂತ ತುಂಬಾ ಪ್ರಕಾಶವಾದ್ದು ಇನ್ನೊಂದಿತ್ತು, ಪುಸ್ತಕದ ಮ್ಯಾಪ್‌ನಲ್ಲಿ ಅದು ಇಲ್ಲವೇ ಇಲ್ಲ. ಇನ್ನು ಸ್ಕಾಲರ್‌ಶಿಪ್ ದುಡ್ಡಲ್ಲಿ ಏಳು ಸಾವಿರ ಉಳಿಸಿದೀನಿ, ಆನ್‌ಲೈನಲ್ಲಿ 525 ಪಟ್ಟು ದೊಡ್ಡದಾಗಿ ತೋರಿಸುತ್ತೆ ಅನ್ನೋ ಟೆಲಿಸ್ಕೋಪ್ ಅಷ್ಟಕ್ಕೆ ಬರ್ತಿದೆ, ತಗೋಬಹುದಾ?

ಕೊನೆಗೊಂದು. ನಮ್ಮಜ್ಜ ಮಳೆ ನಕ್ಷತ್ರ ಎಲ್ಲಾ ಬಾಯಿಪಾಠ ಹೇಳ್ತಾರೆ, ಅವು ನಿಜವಾಗ್ಲೂ ಆಕಾಶದಲ್ಲಿರೋ ನಕ್ಷತ್ರಗಳಾ ಅಥವಾ ಪಂಚಾಂಗದ ಲೆಕ್ಕ ಅಷ್ಟೇನಾ? ಸರ್ ಹತ್ರ ಕೇಳೋಕೆ ಸಂಕೋಚ ಆಯ್ತು, ಅದಕ್ಕೆ ಇಲ್ಲಿ ಕೇಳ್ತಿದೀನಿ.

ಮಲೆನಾಡ್_ನೋಟ · 9 ಡಿಸೆಂಬರ್ 2025

ಸಂಕೋಚ ಪಡೋಂಥ ಪ್ರಶ್ನೆ ಒಂದೂ ಇಲ್ಲ ತಂಗಿ. ದುಡ್ಡನ್ನ ಸದ್ಯಕ್ಕೆ ಹಾಗೇ ಇಟ್ಕೊ, ಅದರ ಬಗ್ಗೆ ನನಗಿಂತ ಚೆನ್ನಾಗಿ ಹೇಳೋರು ಇಲ್ಲಿದಾರೆ. ನಾನು ಸಪ್ತರ್ಷಿ ವಿಷಯ ಹೇಳ್ತೀನಿ.

ನೀನು ನೋಡಿದ್ದು ಸರಿಯಾಗೇ ಇದೆ. ಡಿಸೆಂಬರ್ ಸಂಜೆ ನಮ್ಮ ಕಡೆ ಸಪ್ತರ್ಷಿ ಕ್ಷಿತಿಜದ ಕೆಳಗಿರುತ್ತೆ, ಏಳೂ ನಕ್ಷತ್ರ ಪೂರ್ತಿ ಮೇಲೆ ಬರೋದು ರಾತ್ರಿ ಒಂದೂವರೆ ಎರಡರ ಹೊತ್ತಿಗೆ. ಯಾವತ್ತೂ ಮುಳುಗಲ್ಲ ಅನ್ನೋದು ಸುಮಾರು 41 ಡಿಗ್ರಿ ಉತ್ತರ ಅಕ್ಷಾಂಶದಿಂದ ಮೇಲಿರೋ ಊರುಗಳಿಗೆ ಹೊಂದೋ ಮಾತು, ಲಂಡನ್‌ಗೆ ನಿಜ, ಹುಬ್ಬಳ್ಳಿಗೆ ಅಲ್ಲ. ಆಕಾಶ ನೋಡೋ ಪುಸ್ತಕ ತುಂಬಾ ಅಲ್ಲಿಯವರು ಅಲ್ಲಿಯವರಿಗೆ ಬರೆದಿದ್ದು, ನಾವು ಅದನ್ನೇ ಇಟ್ಕೊಂಡು ಇಲ್ಲಿ ಹುಡುಕ್ತೀವಿ, ಸಿಗದಿದ್ರೆ ನಮ್ಮ ಕಣ್ಣೇ ಸರಿಯಿಲ್ಲ ಅನ್ಕೋತೀವಿ. ಹಾಗಾಗಿ ಪುಸ್ತಕ ಯಾವುದೇ ಇರಲಿ, ಮೊದಲು ಅದು ಯಾವ ಅಕ್ಷಾಂಶಕ್ಕೆ ಬರೆದದ್ದು ಅಂತ ನೋಡು.

ಧ್ರುವ ನಕ್ಷತ್ರ ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲಿರುತ್ತೆ ಅಂದ್ರೆ ನೀನಿರೋ ಊರಿನ ಅಕ್ಷಾಂಶದಷ್ಟು. ಹುಬ್ಬಳ್ಳಿ 15 ಡಿಗ್ರಿ ಚಿಲ್ಲರೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದ್ರೆ ಮುಷ್ಟಿ ಅಗಲ ಹತ್ತಿರತ್ತಿರ 10 ಡಿಗ್ರಿ, ಕಿರುಬೆರಳು 1 ಡಿಗ್ರಿ, ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ ಅಷ್ಟೇ. ಅಂದ್ರೆ ಧ್ರುವ ಇರೋದು ಉತ್ತರಕ್ಕೆ ನೆಲದಿಂದ ಒಂದೂವರೆ ಮುಷ್ಟಿ ಮೇಲೆ, ಅಲ್ಲಿ ಧೂಳು ಮತ್ತೆ ಊರಿನ ಬೆಳಕು ಎರಡೂ ಜಾಸ್ತಿ, ಅದಕ್ಕೇ ಇಷ್ಟು ಜನಕ್ಕೆ ಕಾಣಲ್ಲ. ಅದು ಆಕಾಶದಲ್ಲೇ ಅತಿ ಪ್ರಕಾಶದ ನಕ್ಷತ್ರ ಅನ್ಕೊಂಡು ಹುಡುಕಬೇಡ, ಎರಡನೇ ಮ್ಯಾಗ್ನಿಟ್ಯೂಡಿನ ಸಾಧಾರಣ ನಕ್ಷತ್ರ.

ಈ ತಿಂಗಳು ಸಂಜೆ ಎಂಟಕ್ಕೆ ಸಪ್ತರ್ಷಿ ಬದಲು ಕುಂತೀ ನಕ್ಷತ್ರಪುಂಜ ಹಿಡ್ಕೊ, ಅದೇ ಕ್ಯಾಸಿಯೋಪಿಯಾ. ಉತ್ತರಕ್ಕೆ ಮುಖ ಮಾಡಿ ನಿಂತು ನೆಲಕ್ಕೂ ನೆತ್ತಿಗೂ ನಡುವೆ ನೋಡಿದ್ರೆ ಐದು ನಕ್ಷತ್ರ ಇಂಗ್ಲಿಷಿನ ಎಂ ಅಕ್ಷರದ ಹಾಗೆ ನಿಂತಿರುತ್ತೆ. ಎಂ ನಡುವಿನ ನಕ್ಷತ್ರದಿಂದ ನೇರ ಕೆಳಗೆ ಮೂರು ಮುಷ್ಟಿ ಇಳಿ, ಧ್ರುವ ಸಿಗುತ್ತೆ. ಇನ್ನು ಅದೇ ಎಂ ಅಕ್ಷರದ ಎಡಗಡೆ ಶಿಖರ ಸ್ವಲ್ಪ ಚೂಪಾಗಿದೆ ನೋಡು, ಅದರಿಂದ ಮೇಲಕ್ಕೆ ಒಂದೂವರೆ ಮುಷ್ಟಿ ಹೋದ್ರೆ ಆಂಡ್ರೊಮಿಡಾ ಗ್ಯಾಲಕ್ಸಿ. ಹುಬ್ಬಳ್ಳಿ ಟೆರೇಸಿಂದ ಬರಿಗಣ್ಣಿಗೆ ಸಿಗೋದು ಕಷ್ಟ, ನಿಮ್ಮೂರಲ್ಲಿ ಚಂದ್ರ ಇಲ್ಲದಾಗ ಸಿಗುತ್ತೆ. ನೇರ ಅದನ್ನೇ ದಿಟ್ಟಿಸಬೇಡ, ಸ್ವಲ್ಪ ಪಕ್ಕಕ್ಕೆ ನೋಡು, ಕಣ್ಣಿನ ಮಧ್ಯಭಾಗಕ್ಕಿಂತ ಅಂಚಿನ ಕಡೆ ಮಂದ ಬೆಳಕು ಹಿಡಿಯೋ ರಾಡ್ ಕೋಶಗಳು ಜಾಸ್ತಿ ಇರ್ತವೆ, ಆಗ ಒಂದು ಮಸುಕು ಬೆಳಕು ಕಾಣುತ್ತೆ. ಅದು ಹೊರಟು 25 ಲಕ್ಷ ವರ್ಷ ಆಗಿದೆ. ನನಗೆ ಈಗಲೂ ಅದನ್ನ ನೋಡಿದಾಗ ಸ್ವಲ್ಪ ಹೊತ್ತು ಮಾತು ಬರಲ್ಲ.

ಹೊರಗೆ ಬಂದ ತಕ್ಷಣ ನೋಡಿ ಏನೂ ಇಲ್ಲ ಅನ್ನಬೇಡ. ಕಣ್ಣು ಕತ್ತಲಿಗೆ ಹೊಂದೋಕೆ 20ರಿಂದ 30 ನಿಮಿಷ ಬೇಕು, ಮಧ್ಯ ಒಂದ್ಸಲ ಮೊಬೈಲ್ ನೋಡಿದ್ರೂ ಮತ್ತೆ ಮೊದಲಿಂದ. ಟಾರ್ಚಿಗೆ ಕೆಂಪು ಪೇಪರ್ ಸುತ್ತಿ ಬುಕ್ ಬರ್ಕೊ. ಆಪ್ ದಿಕ್ಕು ತಿರುಗೋದು ಫೋನಿನ ಕಂಪಾಸ್‌ದು, ಟೆರೇಸಿನ ಕಬ್ಬಿಣ, ನೀರಿನ ಟ್ಯಾಂಕಿನ ಸ್ಟ್ಯಾಂಡು ಹತ್ರ ಇದ್ರೆ ಹಾಗೇ ಆಗೋದು. ರೂಮಲ್ಲೇ ಕೂತು ಸ್ಟೆಲ್ಲೇರಿಯಂ ಅನ್ನೋ ಆಕಾಶದ ಮ್ಯಾಪ್ ಆಪ್ ನೋಡಿ, ಪೇಪರ್ ಮೇಲೆ ಮ್ಯಾಪ್ ಬಿಡಿಸ್ಕೊಂಡು ಆಮೇಲೆ ಮೇಲೆ ಹೋಗು.

ಕ್ಲಿಕ್_ಮಾಡಿ · 10 ಡಿಸೆಂಬರ್ 2025

ಇಷ್ಟೆಲ್ಲಾ ತಲೆನೋವು ಯಾಕೆ ಅಂತೀನಿ, ಈಗಿನ ಮೊಬೈಲಲ್ಲೇ ನೈಟ್ ಮೋಡ್ ಇದೆ, ಒಂದು ಟ್ರೈಪಾಡ್ ತಗೊಂಡು ಫೋಟೋ ಹೊಡೀರಿ, ಕಣ್ಣಿಗೆ ಕಾಣದ್ದೆಲ್ಲ ಬರುತ್ತೆ. ದುಡ್ಡು ಸೇರಿಸಿ ಇಎಂಐಲಿ ಸ್ಮಾರ್ಟ್ ಟೆಲಿಸ್ಕೋಪೇ ತಗೊಂಡ್ರೆ ಅದೇ ಹುಡುಕಿ ತೋರಿಸುತ್ತೆ. ಮುಷ್ಟಿ ಹಿಡಿದು ಅಳೆಯೋ ಕಾಲ ಹೋಯ್ತು.

ರಾತ್ರಿಪಾಳಿ · 10 ಡಿಸೆಂಬರ್ 2025

ಫೋಟೋ ತೆಗೀಲಿ, ಬೇಡ ಅನ್ನಲ್ಲ, ಆದ್ರೆ ಅವಳ ಬುಕ್ ಕೇಳ್ತಿರೋದು ಅವಳು ಏನು ನೋಡಿದ್ಲು ಅನ್ನೋದನ್ನ. ನಾನು ಟೆಲಿಸ್ಕೋಪ್ ಡೇಟಾ ಇಟ್ಕೊಂಡೇ ಕೆಲಸ ಮಾಡೋಳು. ಲಡಾಖಿನ ಹಾನ್ಲೆಯಲ್ಲಿರೋ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನ ಇಲ್ಲೇ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸ್ತಾರೆ, ಐಪೀಸಿಗೆ ಕಣ್ಣಿಟ್ಟು ನೋಡೋರು ಯಾರೂ ಇಲ್ಲ. ಆದ್ರೂ ಯಾವ ನಕ್ಷತ್ರ ಎಷ್ಟು ಹೊತ್ತಿಗೆ ಎಲ್ಲಿರುತ್ತೆ, ಚಂದ್ರ ಎಲ್ಲಿದಾನೆ, ಇಷ್ಟು ಕೆಳಗಿರೋದನ್ನ ನೋಡಿದ್ರೆ ವಾತಾವರಣ ಎಷ್ಟು ಬೆಳಕು ತಿನ್ನುತ್ತೆ ಅನ್ನೋದು ಮೈಗೆ ಹತ್ತಿರೋರು ಅಬ್ಸರ್ವಿಂಗ್ ಪ್ಲಾನ್ ಮಾಡೋದೇ ಬೇರೆ, ಇಲ್ಲದವರು ಮಾಡೋದೇ ಬೇರೆ. ಅದು ಬರೋದು ತಲೆ ಎತ್ತಿ ನಿಂತೇ.

ಈಗ ದುಡ್ಡಿನ ವಿಷಯ. ಆ 525 ಪಟ್ಟಿನ ಟೆಲಿಸ್ಕೋಪ್ ದಯವಿಟ್ಟು ತಗೋಬೇಡಮ್ಮ. ಟೆಲಿಸ್ಕೋಪ್ ಎಷ್ಟು ದೊಡ್ಡದಾಗಿ ತೋರಿಸುತ್ತೆ ಅನ್ನೋದು ಅದರ ಫೋಕಲ್ ಲೆಂತನ್ನ ಐಪೀಸಿನ ಫೋಕಲ್ ಲೆಂತಿಂದ ಭಾಗಿಸಿದ್ರೆ ಬರೋ ಸಂಖ್ಯೆ ಅಷ್ಟೇ, ಚಿಕ್ಕ ಐಪೀಸ್ ಹಾಕಿ ಎಷ್ಟು ಬೇಕಾದ್ರೂ ಬರೆಸಬಹುದು. ಉಪಯೋಗಕ್ಕೆ ಬರೋ ಗರಿಷ್ಠ ವರ್ಧನೆ ಲೆನ್ಸಿನ ವ್ಯಾಸಕ್ಕೆ ಕಟ್ಟುಬಿದ್ದಿದ್ದು, ಒಂದು ಮಿಲಿಮೀಟರಿಗೆ ಹೆಚ್ಚಂದ್ರೆ 2 ಪಟ್ಟು. 60 ಮಿಲಿಮೀಟರ್ ಲೆನ್ಸಿಗೆ 120, ಅದರ ಮೇಲೆ ಬರೀ ಮಬ್ಬು ದೊಡ್ಡದಾಗುತ್ತೆ. ಜೊತೆಗೆ ಆ ಬೆಲೆಗೆ ಬರೋ ಸ್ಟ್ಯಾಂಡ್ ಗಾಳಿ ಬಂದ್ರೆ ಅಲ್ಲಾಡುತ್ತೆ. ನಿನ್ನ ದುಡ್ಡಿಗೆ ಒಳ್ಳೇದು 10 ಇಂಟು 50 ಬೈನಾಕ್ಯುಲರ್. 10 ಅಂದ್ರೆ ವರ್ಧನೆ, 50 ಅಂದ್ರೆ ಮುಂದಿನ ಲೆನ್ಸಿನ ವ್ಯಾಸ ಮಿಲಿಮೀಟರಲ್ಲಿ, ಎರಡನ್ನೂ ಭಾಗಿಸಿದ್ರೆ 5 ಮಿಲಿಮೀಟರ್ ಅಗಲದ ಬೆಳಕಿನ ಕಿರಣ ಕಣ್ಣಿಗೆ ಬೀಳುತ್ತೆ, ಕತ್ತಲಲ್ಲಿ ಅರಳಿದ ಕಣ್ಣಿನ ಪಾಪೆಗೆ ಸರಿಹೋಗುತ್ತೆ. ಮೊಣಕೈಯನ್ನ ಟೆರೇಸಿನ ಕಟ್ಟೆ ಮೇಲೆ ಊರಿ ಹಿಡಿ, ಇಲ್ಲಾಂದ್ರೆ ಎಲ್ಲಾ ನಡುಗುತ್ತೆ. ಮುಂದೆ ಕೆಲಸ ಸಿಕ್ಕ ಮೇಲೆ ಆರು ಇಂಚು ಎಂಟು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ತಗೊಂಡ್ರೂ ಬೈನಾಕ್ಯುಲರ್ ಮೂಲೆ ಸೇರಲ್ಲ.

ಪುನರ್ವಸು ಪಕ್ಕದ್ದು ಗುರು ಗ್ರಹ. ಗ್ರಹಗಳು ಜಾಗ ಬದಲಿಸ್ತಾ ಇರೋದ್ರಿಂದ ಪುಸ್ತಕದ ಮ್ಯಾಪಲ್ಲಿ ಅವನ್ನ ಅಚ್ಚು ಹಾಕೋದಿಲ್ಲ. ಮ್ಯಾಪಲ್ಲಿ ಇಲ್ಲದ್ದು ಇಲ್ಲಿದೆ ಅಂತ ನೀನೇ ಗುರುತಿಸಿದೀಯಲ್ಲ, ಅದನ್ನೇ ಬುಕ್ಕಲ್ಲಿ ಮೊದಲನೇ ಪುಟದಲ್ಲಿ ಬರಿ. ಬೈನಾಕ್ಯುಲರ್ ಬಂದ ಮೇಲೆ ಗುರುವಿನ ಆಚೀಚೆ ಚುಕ್ಕಿಗಳು ಕಾಣ್ತವೆ, 1610ರ ಜನವರಿಯಲ್ಲಿ ಗೆಲಿಲಿಯೊ ನೋಡಿದ ನಾಲ್ಕು ಚಂದ್ರಗಳು. ದಿನಾ ಒಂದು ಗೆರೆ ಎಳೆದು ನಡುವೆ ಗುರು, ಅಕ್ಕಪಕ್ಕ ಚುಕ್ಕಿ ಇಡ್ತಾ ಹೋಗು. ಅಯೋ ಮತ್ತೆ ಯುರೋಪಾ ಎಷ್ಟೋ ಸಲ ಗುರುವಿನ ಬೆಳಕಲ್ಲಿ ಮುಚ್ಚಿಹೋಗ್ತವೆ, ಗ್ಯಾನಿಮೀಡ್ ಮತ್ತೆ ಕ್ಯಾಲಿಸ್ಟೊ ದೂರ ಸರಿಯೋದ್ರಿಂದ ಹಿಡಿಯೋದು ಸುಲಭ. ಅವುಗಳ ಸುತ್ತು 7.15 ದಿನ ಮತ್ತು 16.69 ದಿನ, ದೂರ 10.7 ಲಕ್ಷ ಮತ್ತು 18.83 ಲಕ್ಷ ಕಿಲೋಮೀಟರ್. ಕಾಲದ ಅನುಪಾತದ ವರ್ಗ ಮಾಡು, ದೂರದ ಅನುಪಾತದ ಘನ ಮಾಡು, ಎರಡೂ 5.45 ಬರುತ್ತೆ. ಕೆಪ್ಲರ್‌ನ ಮೂರನೇ ನಿಯಮ ಹಾಸ್ಟೆಲ್ ಟೆರೇಸಲ್ಲಿ! ಆ ದಿನಗಳ ಸಂಖ್ಯೆಯನ್ನ ನನ್ನಿಂದ ಕಾಪಿ ಮಾಡದೆ ನಿನ್ನ ಚುಕ್ಕಿಗಳಿಂದಲೇ ತೆಗೆದ್ರೆ ಇನ್ನೂ ಚೆಂದ.

ಬರಿಗಣ್ಣಿಗೆ ಇನ್ನೊಂದು ಕೆಲಸ ಕೊಡ್ತೀನಿ. ಕುಂತೀ ಬಲಗಡೆ ಪಾರ್ಥ ಅಂದ್ರೆ ಪರ್ಸಿಯಸ್ ಪುಂಜ, ಅದರಲ್ಲಿ ಆಲ್ಗಾಲ್ ಅಂತ ನಕ್ಷತ್ರ. ಸಾಮಾನ್ಯವಾಗಿ 2.1 ಮ್ಯಾಗ್ನಿಟ್ಯೂಡ್ ಇರುತ್ತೆ, 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ 3.4ಕ್ಕೆ ಇಳಿಯುತ್ತೆ (ಮ್ಯಾಗ್ನಿಟ್ಯೂಡ್ ಸಂಖ್ಯೆ ಜಾಸ್ತಿ ಆದಷ್ಟೂ ಬೆಳಕು ಕಮ್ಮಿ), ಇಳಿದು ಏರೋದೆಲ್ಲಾ ಸೇರಿ ಸುಮಾರು 10 ಗಂಟೆ. ಎರಡು ನಕ್ಷತ್ರ ಒಂದನ್ನೊಂದು ಸುತ್ತುತ್ತಾ ಮಂದವಾದ್ದು ಪ್ರಕಾಶವಾದ್ದನ್ನ ಮರೆ ಮಾಡೋದು ಕಾರಣ. 1783ರಲ್ಲಿ ಇದನ್ನ ಲೆಕ್ಕ ಹಾಕಿ ಹೀಗಿರಬಹುದು ಅಂದಿದ್ದು ಇಂಗ್ಲೆಂಡಿನ ಯಾರ್ಕ್ ಊರಿನ ಜಾನ್ ಗುಡ್ರಿಕ್, ಆಗ ಅವನಿಗೆ 18 ವರ್ಷ, ಕಿವಿ ಕೇಳಿಸ್ತಿರಲಿಲ್ಲ. ನಿನ್ನ ವಯಸ್ಸಿನವನೇ ಅಲ್ವಾ. ದಿನಾ ಸಂಜೆ ಆಲ್ಗಾಲನ್ನ ಆಂಡ್ರೊಮಿಡಾ ಪುಂಜದ ಕೊನೆಯ ನಕ್ಷತ್ರ ಅಲ್ಮಾಕ್ ಜೊತೆ ಹೋಲಿಸಿ ಸಮಾನ ಇದೆಯಾ ಕಮ್ಮಿ ಇದೆಯಾ ಅಂತ ಬರಿ. ಒಂದಿನ ಕಮ್ಮಿ ಸಿಗುತ್ತೆ, ಅವತ್ತು ನಿನಗೇ ಗೊತ್ತಾಗುತ್ತೆ.

ಡೋಣಿ_ಸೀಮಿ · 11 ಡಿಸೆಂಬರ್ 2025

ತಂಗಿ, ನಿಮ್ಮಜ್ಜಾರ ಪ್ರಶ್ನೆಕ್ಕ ಯಾರೂ ಉತ್ತರ ಕೊಟ್ಟಿಲ್ಲ, ನಾ ಹೇಳ್ತೀನಿ. ನಾ ವಿಜಯಪುರ ಕಡಿ ಹೈಸ್ಕೂಲ್ ಮಾಸ್ತರ, ಹೊಲಾನೂ ಮಾಡ್ತೀನಿ.

ಅವು ಆಕಾಶದಾಗಿನ ನಕ್ಷತ್ರನ, ಬ್ಯಾರೆ ಏನಲ್ಲ. ಸೂರ್ಯ ಆ ಹೊತ್ತಿನ್ಯಾಗ ಯಾವ ನಕ್ಷತ್ರದ ಹಂತ್ಯಾಕ ಇರ್ತಾನೋ ಅದರ ಹೆಸರ ಆ ಮಳಿಗೆ. ಇಪ್ಪತ್ತೇಳೂ ನಕ್ಷತ್ರ ಸುತ್ತಿ ಬರಾಕ ಸೂರ್ಯಗ ಒಂದ ವರ್ಷ, ಅಂದ್ರ ಒಂದೊಂದಕ್ಕ ಹದಿಮೂರ ಹದಿನಾಲ್ಕ ದಿನ. ಜೂನ್ 8ರ ಸುಮಾರ ಮಿರಗ ಕೂಡತೈತಿ, 22ರ ಸುಮಾರ ಆರಿದ್ರಾ, ಜುಲೈ 6ಕ್ಕ ಪುನರ್ವಸು, 20ಕ್ಕ ಪುಷ್ಯ. ಆರಿದ್ರಾ ಮಳಿ ಹೊಡಿಯೂ ಮುಂದ ಆರಿದ್ರಾ ನಕ್ಷತ್ರ ನೋಡ್ತೀನಂದ್ರ ಕಾಣೂದಿಲ್ಲ, ಮೋಡ ಸರದ್ರೂ ಕಾಣೂದಿಲ್ಲ, ಅದು ಸೂರ್ಯನ ಜೋಡಿ ಹಗಲಿನ್ಯಾಗ ಮ್ಯಾಲ ಇರ್ತೈತಿ. ಆರ ತಿಂಗಳ ಬಿಟ್ಟ ಈಗ ಡಿಸೆಂಬರ್‌ನ್ಯಾಗ ನಡುರಾತ್ರಿಗೆ ಅದ ನಕ್ಷತ್ರ ನೆತ್ತಿ ಹಂತ್ಯಾಕ. ನಿಮ್ಮ ಪುಸ್ತಕದಾಗ ಬೀಟಲ್‌ಜೂಸ್ ಅಂತ ಇರೂದ ನಮ್ಮ ಆರಿದ್ರಾ, 2019ರ ಕೊನಿಗೆ ಅದು ಮಂದ ಆಗಿತ್ತಂತ ಜಗತ್ತೆಲ್ಲಾ ಸುದ್ದಿ ಆತಲ್ಲ, ಅದ. ಅಲ್ದಬರನ್ ಅಂದ್ರ ರೋಹಿಣಿ, ಪ್ಲೀಯಡೀಸ್ ಅನ್ನೂ ನಕ್ಷತ್ರದ ಗೊಂಚಲ ಅಂದ್ರ ಕೃತ್ತಿಕಾ. ನಿಮ್ಮ ಅಜ್ಜಾರು ಹೆಸರ ಹೇಳ್ಲಿ, ನೀ ಬೊಟ್ಟ ಮಾಡಿ ತೋರ್ಸು. ಮುಂಗಾರಿನ ನಕ್ಷತ್ರ ಒಂದರ ಹಿಂದ ಒಂದ ಸಾಲಾಗಿ ಪೂರ್ವದಿಂದ ಏರಿ ಬರೂದನ್ನ ಈಗ ಇಡೀ ರಾತ್ರಿ ನೋಡಬಹುದು, ಅವರಿಗೆ ಭಾಳ ಸಂತೋಷ ಆಗತೈತಿ.

19ಕ್ಕ ಎಳ್ಳಮಾವಾಸ್ಯಿ, ಚಂದ್ರನ ಬೆಳಕ ಒಟ್ಟ ಇಲ್ಲ. ಚರಗಾ ಚೆಲ್ಲಾಕ ಊರಿಗೆ ಹೋಗ್ತಿರಬೇಕಲ್ಲ? ಮನಿಯವರನ್ನ ಜೋಡಿ ಕರಕೊಂಡ ರಾತ್ರಿ ಹೊಲದಾಗ ಉಳಕೋ. ಮಹಾವ್ಯಾಧ ಅಂದ್ರ ಒರಾಯನ್ ಪುಂಜದ ನಡದಾಗ ಮೂರ ನಕ್ಷತ್ರ ಒಂದ ಸಾಲಿನ್ಯಾಗ ಅದಾವ, ಆ ಸಾಲು ಮ್ಯಾಲಕ್ಕ ಎಳದ್ರ ರೋಹಿಣಿ, ಕೆಳಗ ಎಳದ್ರ ಲುಬ್ಧಕ, ಇಡೀ ರಾತ್ರಿ ಆಕಾಶದಾಗ ಅದಕ್ಕಿಂತ ಬೆಳಕಿನ ನಕ್ಷತ್ರ ಇಲ್ಲ. ಹನ್ನೊಂದರ ಹೊತ್ತಿಗೆ ಲುಬ್ಧಕನ ಕೆಳಗ ದಕ್ಷಿಣದ ಕಡಿ ನೋಡು, ಅಗಸ್ತ್ಯ ಇರ್ತಾನ, ಬೆಳಕಿನ್ಯಾಗ ಎರಡನೇ ನಂಬರ್. ಲಂಡನ್ ಮಂದಿಗೆ ಅಂವಾ ಜೀವಮಾನದಾಗ ಕಾಣೂದಿಲ್ಲ, ಗದಗಿನ್ಯಾಗ 22 ಡಿಗ್ರಿ ತನಕ ಏರ್ತಾನ. ಆದ್ರ ಹಿಂಗಾರಿ ಜ್ವಾಳ ಎತ್ತರ ಬೆಳದಿರತೈತಿ, ಅದರ ನಡುವ ನಿಂತ್ರ ಅಡ್ಡ ಬರತೈತಿ, ದಕ್ಷಿಣ ದಿಕ್ಕ ತೆರವ ಇರೂ ಒಡ್ಡಿನ ಮ್ಯಾಲ ನಿಂದರು.

ಗದಗಿನ_ಹುಡುಗಿ · 11 ಡಿಸೆಂಬರ್ 2025

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ನಿನ್ನೆ ಎಂಟಕ್ಕೆ ಎಂ ಸಿಕ್ತು, ಅಲ್ಲಿಂದ ಮೂರು ಮುಷ್ಟಿ ಇಳಿದು ಧ್ರುವಾನೂ ಸಿಕ್ತು! ಮಲೆನಾಡ್ ಅಣ್ಣ, ನೀವು ಹೇಳಿದಷ್ಟೇ ಎತ್ತರ. ಮಾಸ್ತರ್ ರೀ, ಅಜ್ಜಗ ಫೋನ್ ಮಾಡಿ ಹೇಳಿದೆ, ಶನಿವಾರ ಬಾ ನೋಡೋಣು ಅಂದಾರ.

ಅಕ್ಕಾ ಒಂದು ಕೇಳ್ಬೇಕಿತ್ತು, ಬುಕ್ಕಲ್ಲಿ ಏನೇನು ಕಾಲಂ ಹಾಕ್ಲಿ? ಆಕಾಶ ಅವತ್ತು ಎಷ್ಟು ಚೆನ್ನಾಗಿತ್ತು ಅನ್ನೋದನ್ನ ಹೇಗೆ ಬರೆಯೋದು? ಮತ್ತೆ ವಾರ್ಡನ್ ಮೇಡಂ ಒಂಬತ್ತರ ಮೇಲೆ ಒಪ್ಪಲ್ಲ ಅಂತಾರೆ, ಒಳ್ಳೇದೆಲ್ಲ ಒಂಬತ್ತರ ಮೇಲೇ ಇದೆ ಅನ್ನಿಸ್ತಿದೆ.

ರಾತ್ರಿಪಾಳಿ · 12 ಡಿಸೆಂಬರ್ 2025

ಶನಿವಾರ ಅಂದ್ರೆ 13, ಸರಿಯಾದ ದಿನ ಹೋಗ್ತಿದೀಯ! ಅವತ್ತು ರಾತ್ರಿ ಜೆಮಿನಿಡ್ ಉಲ್ಕಾವೃಷ್ಟಿ ಹೆಚ್ಚು. ಸಾಮಾನ್ಯವಾಗಿ ಉಲ್ಕಾವೃಷ್ಟಿ ಧೂಮಕೇತುವಿನ ಧೂಳಿಂದ, ಇದು ಫೇಥಾನ್ ಅನ್ನೋ ಕ್ಷುದ್ರಗ್ರಹದ್ದು. ಪುನರ್ವಸು ಜೋಡಿಯ ಹತ್ರದಿಂದ ಹೊರಟ ಹಾಗೆ ಕಾಣುತ್ತೆ ಆದ್ರೆ ಅಲ್ಲೇ ನೋಡ್ತಾ ಕೂರಬೇಡ, ಅಂಗಳದಲ್ಲಿ ಹೊರಸಲ ಮೇಲೆ ಮಲಗಿ ನೆತ್ತಿ ಕಡೆ ನೋಡು. ಹತ್ತರಿಂದ ಎರಡರ ತನಕ ಚಂದ್ರನ ಕಾಟ ಇಲ್ಲ. ಬೈನಾಕ್ಯುಲರ್ ಬೇಡ, ಕಂಬಳಿ ಬೇಕು.

ಬುಕ್ಕಲ್ಲಿ ದಿನಾಂಕ, ಶುರು ಮಾಡಿದ ಮುಗಿಸಿದ ಟೈಮು, ಜಾಗ, ಚಂದ್ರ, ಮೋಡ, ಬರಿಗಣ್ಣೋ ಬೈನಾಕ್ಯುಲರೋ, ಇಷ್ಟು ಸಾಕು, ಮಿಕ್ಕಿದ ಪುಟವೆಲ್ಲ ಚಿತ್ರಕ್ಕೆ ಬಿಡು. ಆಕಾಶದ ಗುಣಮಟ್ಟಕ್ಕೆ ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರ ಎಣಿಸೋಕಾಯ್ತು ಅಂತ ಬರಿ, ಹುಬ್ಬಳ್ಳಿದೊಂದು, ಊರಿನದೊಂದು. ಬೆಳಕಿನ ಮಾಲಿನ್ಯ ಅಳೆಯೋ ಗ್ಲೋಬ್ ಅಟ್ ನೈಟ್ ಅಂತ ಒಂದು ಜಾಗತಿಕ ಅಭಿಯಾನ ಇದೆ, ಅದಕ್ಕೂ ಜನ ಬರಿಗಣ್ಣಲ್ಲೇ ನೋಡಿ ಎಷ್ಟು ನಕ್ಷತ್ರ ಕಾಣುತ್ತೆ ಅಂತ ಕಳಿಸ್ತಾರೆ, ನೀನೂ ಕಳಿಸಬಹುದು. ಕಾಣದೆ ಹೋದದ್ದನ್ನೂ ಬರಿ. ಆಂಡ್ರೊಮಿಡಾ ಕಾಣಲಿಲ್ಲ ಅನ್ನೋದೂ ಒಂದು ಅಬ್ಸರ್ವೇಷನ್ನೇ.

ಟೆರೇಸಿಗೆ ಬಂದ್ರೆ, ನಿಮ್ಮ ಸರ್ ಹತ್ರ ಒಂದು ಲೆಟರ್ ಬರೆಸ್ಕೊ, ಒಬ್ಬಳೇ ಬೇಡ, ಕ್ಲಾಸಿನ ಹುಡುಗೀರು ಮೂರ್ನಾಲ್ಕು ಜನ ಸೇರಿ ಕೇಳಿ. ಒಪ್ಪದಿದ್ರೂ ನಷ್ಟ ಇಲ್ಲ, ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಹುಟ್ತವೆ, ತಿಂಗಳಿಗೆ 2 ಗಂಟೆ. ಈಗ ಹತ್ತಕ್ಕೆ ಇರೋದು ಜನವರಿ ಎರಡನೇ ವಾರ ಎಂಟಕ್ಕೆ ಅದೇ ಜಾಗದಲ್ಲಿರುತ್ತೆ.

ಮಲೆನಾಡ್_ನೋಟ · 12 ಡಿಸೆಂಬರ್ 2025

ಬೆಳಗಿನ ಜಾವ ಮರೀಬೇಡಿ. ಹಾಸ್ಟೆಲ್ ಬಾಗಿಲು ಐದಕ್ಕೆ ತೆಗೆದ್ರೆ ಈಶಾನ್ಯದಲ್ಲಿ ಸಪ್ತರ್ಷಿ ಪೂರ್ತಿ ನಿಂತಿರುತ್ತೆ, ಪುಸ್ತಕದ ಮ್ಯಾಪ್ ಆಗ ಸರಿಹೋಗುತ್ತೆ. ಅದರ ಬಾಲದ ಬಾಗು ಹಿಡಿದು ಮುಂದುವರಿದ್ರೆ ಸ್ವಾತಿ, ಇನ್ನೂ ಮುಂದೆ ಚಿತ್ತಾ. ಬಾಲದ ನಡುವಿನ ವಸಿಷ್ಠನ ಪಕ್ಕ ಅರುಂಧತಿ ಬರಿಗಣ್ಣಿಗೆ ಕಾಣುತ್ತಾ ನೋಡು.

ಗದಗಿನ_ಹುಡುಗಿ · 22 ಡಿಸೆಂಬರ್ 2025

ಊರಿಂದ ಬಂದೆ. ಉಲ್ಕೆ ಸಾಕಷ್ಟು ನೋಡಿದ್ವಿ, ಅಜ್ಜ ಕಂಬಳಿ ಹೊದ್ದು ಎರಡರ ತನಕ ಜೊತೆಗೆ ಇದ್ರು. ಎಳ್ಳಮಾವಾಸ್ಯೆ ದಿನ ಮಾಸ್ತರ್ ಹೇಳಿದ ಹಾಗೆ ಒಡ್ಡಿನ ಮೇಲೆ ನಿಂತು ಅಗಸ್ತ್ಯ ನೋಡಿದ್ವಿ. ಕೃತ್ತಿಕೆಯಲ್ಲಿ ಹುಬ್ಬಳ್ಳಿಗಿಂತ ಊರಲ್ಲಿ ಜಾಸ್ತಿ ಎಣಿಸೋಕಾಯ್ತು. ಒಂದು ಡೌಟ್ ಉಳೀತು, ಅಗಸ್ತ್ಯ ಒಂದು ಕ್ಷಣ ಕೆಂಪು, ಒಂದು ಕ್ಷಣ ಹಸಿರು ಅನ್ನೋ ಹಾಗೆ ಮಿನುಗ್ತಿತ್ತು. ನಕ್ಷತ್ರದ ಬಣ್ಣ ಹಾಗೆ ಬದಲಾಗುತ್ತಾ? ಬುಕ್ಕಲ್ಲಿ ಏನು ಬರೀಲಿ?

ರಾತ್ರಿಪಾಳಿ · 22 ಡಿಸೆಂಬರ್ 2025

ನೋಡಿದ್ದು ನೋಡಿದ ಹಾಗೇ ಬರಿ, ಪಕ್ಕದಲ್ಲಿ ಎತ್ತರ ಎಷ್ಟು ಮುಷ್ಟಿ ಅಂತಾನೂ ಬರಿ. ಅಗಸ್ತ್ಯ ಬಿಳಿ ನಕ್ಷತ್ರವೇ. ಕ್ಷಿತಿಜದ ಹತ್ರ ಇದ್ದಾಗ ಅದರ ಬೆಳಕು ತುಂಬಾ ದಪ್ಪ ಗಾಳಿ ದಾಟಿ ಬರಬೇಕು, ಗಾಳಿ ಒಂದೊಂದು ಬಣ್ಣವನ್ನ ಒಂದೊಂದು ಅಳತೆ ಬಾಗಿಸುತ್ತೆ, ಜೊತೆಗೆ ಬಿಸಿ ತಣ್ಣನೆ ಗಾಳಿ ಅಲುಗಾಡ್ತಿರುತ್ತೆ, ಅದಕ್ಕೆ ಕ್ಷಣಕ್ಕೊಂದು ಬಣ್ಣ ಕಣ್ಣಿಗೆ ಬೀಳುತ್ತೆ. ಅದೇ ಹೊತ್ತಿಗೆ ನೆತ್ತಿ ಹತ್ರ ಇರೋ ನಕ್ಷತ್ರ ಹಾಗೆ ಮಾಡಲ್ಲ, ಮುಂದಿನ ಸಲ ಎರಡನ್ನೂ ಹೋಲಿಸಿ ನೋಡು. ಗುರುನೂ ನೋಡು, ಅದು ಮಿನುಗೋದೇ ಕಮ್ಮಿ, ಯಾಕಂದ್ರೆ ಅದು ಚುಕ್ಕಿ ಅಲ್ಲ, ಚಿಕ್ಕ ಬಿಲ್ಲೆ.

ಮತ್ತೆ ಜನವರಿ 10ಕ್ಕೆ ಗುರು ಸೂರ್ಯನ ನೇರ ಎದುರಿಗೆ ಬರ್ತಾನೆ, ಸೂರ್ಯ ಮುಳುಗೋ ಹೊತ್ತಿಗೆ ಗುರು ಹುಟ್ಟುತ್ತೆ. ಎಂಟಕ್ಕೆಲ್ಲ ಟೆರೇಸಿಂದ ಪೂರ್ವದಲ್ಲಿ ಎರಡು ಮುಷ್ಟಿ ಮೇಲಿರುತ್ತೆ. ಬೈನಾಕ್ಯುಲರ್ ಅಷ್ಟರೊಳಗೆ ತರಿಸ್ಕೊ.